ಮನೆಗೊಂದು ಯೋಜನೆ

ಜನರು ಯೋಜನೆಗಳನ್ನು ಓದುವ ಬದಲು ಯೋಜನೆಗಳೇ ಜನರನ್ನು ಓದಿಕೊಂಡರೆ ಹೇಗೆ ಎಂದು ಯಾರೋ ಒಬ್ಬರು ಸಭೆಯೊಂದರಲ್ಲಿ ಕೇಳಿದರಂತೆ. ಆಲಿಕೆ ಎಂಬ ಯಂತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ.

ಅದಕ್ಕೂ ಮೊದಲು ಸರ್ಕಾರದ ಆರೋಗ್ಯ ಪೇಟೆ ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ನೌಕರಿಯಿಲ್ಲದೆ ಸ್ವಂತ ದುಡಿಮೆಯಿಂದ ಬದುಕುವ ಪ್ರತಿ ಮನೆಯೂ ದೀಪಾವಳಿ ಕಳೆದ ಮೇಲೆ, ಪೇಟೆ ತೆರೆದಿರುವ ಕೆಲವು ವಾರಗಳಲ್ಲಿ, ಒಂದು ವಿಮಾ ಯೋಜನೆಯನ್ನು ಆರಿಸಿಕೊಳ್ಳಬೇಕಿತ್ತು. ಮನೆಗೊಂದೇ ಯೋಜನೆ. ಇದ್ದದ್ದು ಮೂರು: ಮಲಪ್ರಭಾ, ತುಂಗಾ, ಕಾವೇರಿ. ತಿಂಗಳ ಕಂತು ಎಷ್ಟು, ಆಸ್ಪತ್ರೆ ಸೇರಿದರೆ ನಮ್ಮ ಕೈಯಿಂದ ಹೋಗುವ ಪಾಲು ಎಷ್ಟು, ಯಾವ ಕಾಯಿಲೆಗೆ ಎಲ್ಲಿ ಚಿಕಿತ್ಸೆ ಎಂದು ಮೂರನ್ನೂ ಹೋಲಿಸಿದ ದೊಡ್ಡ ಹಾಳೆಯೊಂದನ್ನು ಕೊಡುತ್ತಿದ್ದರು. ಅದನ್ನು ಓದಿ ತಿಳಿದುಕೊಂಡವರನ್ನು ನಾನು ನೋಡಿಲ್ಲ. ಹುಬ್ಬಳ್ಳಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಲಪ್ರಭಾ ಆರಿಸಿದರು, ಏಕೆಂದರೆ ನಲ್ಲಿಯಲ್ಲಿ ಬರುವುದು ಮಲಪ್ರಭೆಯ ನೀರು. ಶಿವಮೊಗ್ಗದವರು ತುಂಗಾ ಆರಿಸಿದರು, ಮಂಡ್ಯದವರು ಕಾವೇರಿ. ಸಕ್ಕರೆ ಕಾಯಿಲೆಯವರಿಗೂ ಬಸುರಿಯರಿಗೂ ಮೂಳೆ ಮುರಿದವರಿಗೂ ಒಂದೊಂದು ಊರಿನಲ್ಲಿ ಒಂದೊಂದೇ ನದಿ. ಹೆಸರಿಟ್ಟ ಅಧಿಕಾರಿಗೆ ಇದು ಹೊಳೆದಿರಲಿಲ್ಲ.

ಆಲಿಕೆ ಬಂದ ಮೇಲೆ ಹಾಳೆ ಹೋಯಿತು. ಪೇಟೆಯ ಕೇಂದ್ರದಲ್ಲಿ ಒಂದು ಸಣ್ಣ ಕೋಣೆ, ಒಳಗೆ ಒಂದು ಕುರ್ಚಿ, ಎದುರಿಗೆ ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆ. ಮನೆಯ ಪರವಾಗಿ ಒಬ್ಬರು ಕೂತು ಅದು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದು ಉತ್ತರಗಳಿಗಿಂತ ಹೆಚ್ಚಾಗಿ ಉತ್ತರದ ಮೊದಲಿನ ಮೌನವನ್ನು ಕೇಳುತ್ತಿತ್ತು. ಆ ಮೌನದಲ್ಲಿ ಉಸಿರು ಹೇಗಿತ್ತು, ಮಾತು ಶುರುವಾಗುವಾಗ ಗಂಟಲು ಎಷ್ಟು ಬಿಗಿದಿತ್ತು ಎಂಬುದನ್ನೆಲ್ಲ ಅಳೆಯುತ್ತಿತ್ತು. ಲಕ್ಷಾಂತರ ಜನರ ದನಿಗಳನ್ನೂ ಮುಂದೆ ಅವರಿಗೆ ಬಂದ ಕಾಯಿಲೆಗಳನ್ನೂ ಜೋಡಿಸಿ ಅದಕ್ಕೆ ಕಲಿಸಿದ್ದರು. ಎಲ್ಲ ಮುಗಿದ ಮೇಲೆ ಮೂರರಲ್ಲಿ ನಿಮ್ಮ ಮನೆಗೆ ಹೊಂದುವ ಯೋಜನೆ ಯಾವುದು ಎಂದು ಅದೇ ಹೇಳುತ್ತಿತ್ತು. ಇದ್ದ ಕಾಯಿಲೆಯನ್ನು ಇದ್ದಂತೆ ಹೇಳಿದರೆ ಯೋಜನೆಯಲ್ಲಿರುವ ಚಿಕಿತ್ಸೆ ಕೂಡಲೇ ಸಿಗುತ್ತಿತ್ತು. ಮುಚ್ಚಿಟ್ಟಿದ್ದೀರಿ ಎಂದು ಕಂಡರೆ ಆ ಕಾಯಿಲೆಗೆ ಮೂರು ವರ್ಷ ತಡೆ.

ನಾನು ಹುಬ್ಬಳ್ಳಿಯ ನವನಗರದಲ್ಲಿ, ಆಲಿಕೆಯ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದೆ. ಧ್ವನಿವಿಜ್ಞಾನ ಓದಿಕೊಂಡವರಿಗೆ ಸಿಗುವ ಕೆಲಸಗಳು ಕಡಿಮೆ. ಆಲಿಕೆಗೆ ಬಗೆಹರಿಯದ ಮೌನಗಳು ನನ್ನ ಕಿವಿಗೆ ಬರುತ್ತಿದ್ದವು. ಹೆಸರು, ಊರು ಯಾವುದೂ ಇರುತ್ತಿರಲಿಲ್ಲ. ಕೇಳಿ, ಕಾರಣ ಇಂಥದ್ದು ಎಂದು ಗುರುತು ಮಾಡಬೇಕು. ಮುಚ್ಚಿಟ್ಟದ್ದು, ಹೆದರಿಕೆ, ರೂಢಿ, ಕಿವಿಗೆ ಬೀಳಲಿಲ್ಲ. ದಿನವೂ ಅಪರಿಚಿತರು ಸುಮ್ಮನಿರುವುದನ್ನು ಕೇಳುತ್ತಾ ಕೂರುವುದು ನನಗೆ ಬೇಸರದ ಕೆಲಸವಾಗಿರಲಿಲ್ಲ. ಆದರೆ ಕೇಳಿದಷ್ಟೂ ಅವು ಒಂದರ ಹಾಗೆ ಇನ್ನೊಂದು ಕೇಳಿಸತೊಡಗಿದ್ದವು.

ಆ ದಿನ ಬಂದ ತುಣುಕಿನಲ್ಲಿ ಆಲಿಕೆ ಕೇಳುತ್ತದೆ, "ನಿಮ್ಮ ಗಂಡನ ಹೆಸರೇನು?" ಆಮೇಲೆ ಉದ್ದನೆಯ ಮೌನ. ಉಸಿರು ಮೇಲೆ ಸಿಕ್ಕಿಕೊಂಡಂತೆ. ಕಾಲಿನ ಬೆರಳು ನೆಲಕ್ಕೆ ಉಜ್ಜಿದಂತೆ ಸಣ್ಣ ಸದ್ದು. ಕೊನೆಗೆ ಒಂದು ಹೆಣ್ಣುದನಿ, "ಅದು ಕಾರ್ಡಿನ್ಯಾಗ ಬರದೈತಲ್ರಿ."

ನನಗೆ ಆ ದನಿ ಗೊತ್ತಿತ್ತು. ದಿನವೂ ಸಂಜೆ ಅದು ನನ್ನನ್ನು ಊಟಕ್ಕೆ ಕರೆಯುತ್ತಿತ್ತು.

*

ಶಿವಗಂಗವ್ವ ನಾನು ಬಾಡಿಗೆಗಿದ್ದ ಮನೆಯ ಒಡತಿ. ಕೆಳಗೆ ಅವರು, ಮಹಡಿಯ ಒಂದು ಕೋಣೆಯಲ್ಲಿ ನಾನು. ಜೋಳದ ರೊಟ್ಟಿ ಮಾಡಿ ಮೂರು ಖಾನಾವಳಿಗಳಿಗೆ ಕಳಿಸುತ್ತಿದ್ದರು. ಗಂಡ ಚನ್ನವೀರಪ್ಪ ಹಾರ್ಮೋನಿಯಂ ರಿಪೇರಿ ಮಾಡುವವರು. ಅವರ ಎದೆಯ ಒಂದು ಕವಾಟ ಕೆಟ್ಟಿತ್ತು. ಮೊದಲು ತಿದಿ ಒತ್ತುತ್ತಾ ಒಂದೊಂದೇ ಸ್ವರವನ್ನು ತಾಸುಗಟ್ಟಲೆ ಪರೀಕ್ಷಿಸುತ್ತಿದ್ದವರು ಈಗ ನಾಲ್ಕು ಸಲ ಒತ್ತಿ ಗೋಡೆಗೆ ಒರಗುತ್ತಿದ್ದರು. ವರ್ಷದೊಳಗೆ ಆಪರೇಶನ್ ಆಗಲಿ, ಅಲ್ಲಿಯವರೆಗೆ ಮಾತ್ರೆ ತಡೆಯುತ್ತದೆ ಎಂದಿದ್ದರು ಡಾಕ್ಟರು. ಮಲಪ್ರಭಾ ಯೋಜನೆಯಲ್ಲಿ ಆ ಆಪರೇಶನ್ ಪೂರ್ತಿ ಇತ್ತು. ಅದಕ್ಕಾಗಿಯೇ ಶಿವಗಂಗವ್ವ ಕೇಂದ್ರಕ್ಕೆ ಹೋಗಿದ್ದರು.

ಸಂಜೆ ನಾನು ಬಂದಾಗ ಅವರು ಒಲೆಯ ಮುಂದೆ ಕೂತಿದ್ದರು.

"ಏನಂತ ಬಂತಕ್ಕಾ?" ಎಂದೆ.

"ತಡಿ ಹಾಕೇದ ನೋಡ್ ತಂಗಿ. ಇವರ ಎದಿ ಬಗ್ಗೆ ನಾ ಏನೋ ಮುಚ್ಚಿಟ್ಟೀನಂತ." ರೊಟ್ಟಿಯನ್ನು ತಿರುವಿ ಹಾಕಿದರು. "ಏನು ಮುಚ್ಚಿಡ್ಲಿ? ಎಕ್ಸರೇ ಒಯ್ದಿದ್ದೆ, ಚೀಟಿ ಒಯ್ದಿದ್ದೆ. ಅದು ಕೇಳೂದಕ್ಕಿಂತ ಮೊದ್ಲ ಎಲ್ಲಾ ಹೇಳಿದೆ."

ಜಗುಲಿಯಿಂದ ಚನ್ನವೀರಪ್ಪ ಹೇಳಿದರು, "ಅದಕ್ಕs ಸಂಶೆ ಬಂದಿರಬೇಕು. ಇಕಿ ಮಾತಾಡಾಕ ನಿಂತ್ರ ಯಾವ ಯಂತ್ರಕ್ಕಾದ್ರೂ ಸಂಶೆ ಬರ್ತೈತಿ."

"ನೀವು ಸುಮ್ಮನ ಕುಂದರ್ರಿ. ಮಾತಾಡಿದ್ರ ದಮ್ಮು ಹತ್ತತೈತಿ."

ನನಗೆ ಆಗ ತಿಳಿಯಿತೋ, ತಿಳಿದಂತೆ ಅನ್ನಿಸಿತೋ. ಆಲಿಕೆ ಮೊದಲು ಸುಲಭದ ಪ್ರಶ್ನೆಗಳನ್ನು ಕೇಳುತ್ತದೆ. ಗಂಡನ ಹೆಸರು, ಓಣಿಯ ಹೆಸರು. ಅವಕ್ಕೆ ನೀವು ತೆಗೆದುಕೊಳ್ಳುವ ಹೊತ್ತೇ ನಿಮ್ಮ ಅಳತೆಗೋಲು. ಆ ಹೊತ್ತಿಗೆ ನಾನು ಯಾವ ಕಾರಣ ಗುರುತು ಮಾಡಿದರೂ ಮುಂದಿನ ಮೌನಗಳನ್ನೆಲ್ಲ ಅದರಿಂದಲೇ ಅಳೆಯುತ್ತದೆ. ಶಿವಗಂಗವ್ವ ಗಂಡನ ಹೆಸರಿಗೆ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಎದೆನೋವಿನ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟರು. ಸುಲಭದ್ದಕ್ಕೆ ತಡವರಿಸಿ ಕಷ್ಟದ್ದಕ್ಕೆ ಥಟ್ಟನೆ ಹೇಳುವವರು ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದವರು ಎಂದು ಅದಕ್ಕೆ ಕಲಿಸಲಾಗಿತ್ತು.

"ಅಕ್ಕಾ, ಅವರ ಹೆಸರು ಕೇಳಿದಾಗ ನೀವು ಯಾಕೆ ಸುಮ್ಮನಾದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಗಂಡನ ಹೆಸರು ಬಾಯಿಲೆ ಹೆಂಗ ಹೇಳೂದು? ನಿಮ್ಮ ಕಡೆ ಹೇಳ್ತಾರೇನು?"

ನನ್ನ ತಾಯಿ ಹೇಳುತ್ತಿದ್ದಳೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

*

ಮರುದಿನ ಮುನವಳ್ಳಿ ಸರ್ ಮುಂದೆ ನಿಂತೆ. ನಿಯಂತ್ರಣ ಕೋಣೆಯ ಮುಖ್ಯಸ್ಥರು ಅವರು. ಇದೇ ಬಗೆಯ ಮೌನಗಳನ್ನು ಹುಡುಕಿದಾಗ ನಡುವಯಸ್ಸು ದಾಟಿದ ಹೆಂಗಸರದ್ದೇ ರಾಶಿ ಸಿಕ್ಕಿತ್ತು. ಹೆಚ್ಚಿನವರ ಗಂಡಂದಿರಿಗೆ ತಡೆ ಬಿದ್ದಿತ್ತು.

ಅವರು ಕೇಳಿ ಮುಗಿಸಿ ಕನ್ನಡಕ ತೆಗೆದರು. "ಇದು ನಮಗ ಹೊಳೀಲೇ ಇಲ್ಲ ನೋಡ್ರಿ. ನನ್ನ ಹೆಂಡತಿ ಹೆಸರು ಹಿಡದs ಬೈತಾಳ."

"ಆ ಪ್ರಶ್ನೆ ತೆಗೆದುಬಿಡೋಣ ಸರ್."

"ಈಗ ತಗದ್ರ ಅಳತಿಗೋಲೇ ಹೋಗ್ತೈತಿ. ಇಲ್ಲೀತನಕ ಆದದ್ದೆಲ್ಲಾ ಮತ್ತ ಮೊದಲಿಂದ ಮಾಡಬೇಕು. ಪೇಟೆ ಮುಚ್ಚಾಕ ಬಂತು. ಮುಂದಿನ ವರ್ಷ ಬದಲ ಮಾಡೂಣು."

"ಈ ವರ್ಷ ತಡೆ ಬಿದ್ದವರು?"

"ಒಮ್ಮೆ ಮರುಕೇಳಿಕೆಗೆ ಅವಕಾಶ ಐತಲ್ಲ. ಹೆಸರು ಪಟಕ್ಕನ ಹೇಳ್ರಿ ಅಂತ ಎಲ್ಲಾರಿಗೂ ಸುದ್ದಿ ಕಳಸ್ರಿ." ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಹಿಂಗ ಕಳಸೂದು ಸರಿ ಏನಂತ ಮಾತ್ರ ನಂಗ ಕೇಳಬ್ಯಾಡ್ರಿ" ಎಂದರು.

ನಾನು ಆ ಸುದ್ದಿಯನ್ನು ನಾಲ್ಕು ಸಲ ಬರೆದು ಅಳಿಸಿದೆ. ನಿಮ್ಮ ಪತಿಯ ಹೆಸರನ್ನು ತಡವಿಲ್ಲದೆ ಹೇಳಿ ಎಂದು ಸರ್ಕಾರ ಹೆಂಗಸರಿಗೆ ಬರೆಯುವ ವಾಕ್ಯ ಹೇಗಿರಬೇಕು ಎಂದು ತಿಳಿಯಲಿಲ್ಲ. ಕೊನೆಗೆ ಏನು ಬರೆದು ಕಳಿಸಿದೆನೋ ಅದೂ ಸರಿಯಿರಲಿಲ್ಲ.

*

"ಒಡಪು ಹಾಕಿ ಹೇಳ್ಲೇನು?" ಎಂದು ಶಿವಗಂಗವ್ವ ಕೇಳಿದರು. ಮದುವೆಯಲ್ಲಿ, ಸೀಮಂತದಲ್ಲಿ, ಬಾಗಿಲು ಅಡ್ಡಗಟ್ಟಿದ ನಾದಿನಿಯರ ಮುಂದೆ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಹಾಯಿಸುವುದು ಅಲ್ಲಿಯ ರೂಢಿ. ಅಷ್ಟಕ್ಕೆ ಮಾತ್ರ ಅಡ್ಡಿಯಿಲ್ಲ. ಅವರು ಸೆರಗು ಸರಿಮಾಡಿಕೊಂಡು ಹೇಳಿಯೇಬಿಟ್ಟರು:

"ಹಾರ್ಮೋನಿಯಂ ಪೆಟಗಿಗೆ ಹಿತ್ತಾಳಿ ಕೊಂಡಿ, ಚನ್ನವೀರಪ್ಪನವರು ಕರಕೊಂಡು ಬಂದ್ರು ಕಟ್ಟಿ ಸವಾರಿ ಬಂಡಿ."

ಜಗುಲಿಯಿಂದ ನಗು ಕೇಳಿಸಿತು. "ಎಲ್ಲೀ ಬಂಡಿ? ಬಸ್ಸಿನ್ಯಾಗ ನಿಂತ್ಕೊಂಡು ಬಂದಿದ್ವಿ."

"ಒಡಪಿನ್ಯಾಗ ಬಸ್ಸು ಹಿಡಿಸಂಗಿಲ್ರಿ."

ನಾನು ಹೇಳಬೇಕಾಯಿತು. ಪ್ರಾಸವಿದ್ದರೆ ಅದು ಮತ್ತೆ ಬಾಯಿಪಾಠ ಎಂದೇ ತಿಳಿಯುತ್ತದೆ. ಬರೀ ಹೆಸರು ಬೇಕು. ಕೇಳಿದ ಕೂಡಲೇ ಬೇಕು.

ಅಂದಿನಿಂದ ಅವರು ರೂಢಿ ಮಾಡಿಕೊಳ್ಳತೊಡಗಿದರು. ಬೆಳಿಗ್ಗೆ ನಾನು ನೀರು ತುಂಬಲು ಇಳಿದಾಗ ಒಲೆಯ ಕಡೆಯಿಂದ ಕೇಳಿಸುತ್ತಿತ್ತು. ರೊಟ್ಟಿ ಬಡಿಯುವ ಸದ್ದು, ಆಮೇಲೆ "ಚ." ಮತ್ತೆ ರೊಟ್ಟಿ. "ಚನ್ನ." ಒಂದು ಮುಂಜಾನೆ ಪೂರ್ತಿ ಹೆಸರು ಹೊರಬಂತು, ಯೋಚಿಸಿದ್ದಕ್ಕಿಂತ ಜೋರಾಗಿ.

"ಯಾರದು?" ಎನ್ನುತ್ತಾ ಚನ್ನವೀರಪ್ಪ ಜಗುಲಿಯಿಂದ ಎದ್ದು ಬಾಗಿಲಿಗೆ ಹೋದರು. ಹೊರಗೆ ಯಾರೂ ಇರಲಿಲ್ಲ. ತಿರುಗಿ ಒಳಗೆ ನೋಡಿದರು. ಶಿವಗಂಗವ್ವ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಚನ್ನವೀರಪ್ಪ ಮೆಲ್ಲಗೆ ವಾಪಸು ಬಂದು ಹಾರ್ಮೋನಿಯಂ ಮುಂದೆ ಕೂತು, ಬಿಚ್ಚಿಟ್ಟ ಸ್ವರದ ಮನೆಗಳನ್ನು ಒರೆಸತೊಡಗಿದರು. ಕೊಡ ತುಂಬಿ ಹರಿಯುತ್ತಿರುವುದು ನನ್ನ ಗಮನಕ್ಕೆ ಬರಲಿಲ್ಲ.

*

ಮರುಕೇಳಿಕೆ ಸರಿಯಾಗಿ ನಡೆಯಿತು. ಗಂಡನ ಹೆಸರೇನು ಎಂದು ಆಲಿಕೆ ಕೇಳಿ ಮುಗಿಸುವ ಮೊದಲೇ ಅವರು ಹೇಳಿದ್ದರು. ಚನ್ನವೀರಪ್ಪನವರ ತಡೆ ತೆರವಾಯಿತು. ಆದರೆ ಅದೇ ಮಧ್ಯಾಹ್ನ ಅವರದೇ ಇನ್ನೊಂದು ತುಣುಕು ನನ್ನ ಮುಂದೆ ಬಂದು ಬಿತ್ತು.

"ನಿಮ್ಮ ಮೈಯಲ್ಲಿ ಎಲ್ಲಾದರೂ ನೋವು, ಗಂಟು, ಬಾವು ಇದೆಯೇ?"

ಮೌನ. ಆಮೇಲೆ "ಇಲ್ರಿ."

ಹಳೆಯ ಕೇಳಿಕೆಯನ್ನು ತೆಗೆದು ಅದೇ ಜಾಗವನ್ನು ಹುಡುಕಿದೆ. ಆಗಲೂ ಅವರು ಇಷ್ಟೇ ಹೊತ್ತು ಸುಮ್ಮನಿದ್ದರು. ಆದರೆ ಗಂಡನ ಹೆಸರಿನ ಮೌನ ಅದಕ್ಕಿಂತ ಉದ್ದವಿದ್ದುದರಿಂದ ಈ ಮೌನ ಆಲಿಕೆಗೆ ಸಾಮಾನ್ಯವಾಗಿ ಕಂಡಿತ್ತು. ಈಗ ಅಳತೆಗೋಲು ಸಣ್ಣದಾಗಿತ್ತು, ನಾನು ಹೇಳಿಕೊಟ್ಟ ಹಾಗೆಯೇ. ಈ ಒಂದು ಮೌನ ಬಯಲಲ್ಲಿ ನಿಂತುಬಿಟ್ಟಿತ್ತು. ಮುಚ್ಚಿಟ್ಟದ್ದು ಎಂದು ನಾನು ಗುರುತು ಮಾಡಿದರೆ ಶಿವಗಂಗವ್ವನಿಗೆ ಮೂರು ವರ್ಷ ತಡೆ. ರೂಢಿ ಎಂದು ಮಾಡಿದರೆ ಅವರಿಗೆ ಏನೂ ಇಲ್ಲವೆಂದು ದಾಖಲಾಗುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ.

ಎರಡು ಮೌನಗಳನ್ನೂ ಒಂದರ ಹಿಂದೆ ಒಂದು ಕೇಳಿದೆ. ಹೆಸರಿನದು, ನೋವಿನದು. ಉಸಿರು ಸಿಕ್ಕಿಕೊಂಡ ಬಗೆ ಒಂದೇ. ಒಂದು ನಾಚಿಕೆ ಎಂದು ನನಗೆ ಗೊತ್ತಿತ್ತು. ಇನ್ನೊಂದೂ ನಾಚಿಕೆಯೇ ಇರಬಹುದು, ಇನ್ನೇನೋ ಇರಬಹುದು. ಕಿವಿಗೆ ಏನೂ ಬೇರೆಯಾಗಿ ಕೇಳಿಸಲಿಲ್ಲ.

ಸಂಜೆ ಅವರನ್ನೇ ಕೇಳಿದೆ. ಕೇಳಬಾರದೆಂಬ ನಿಯಮವಿತ್ತು.

"ಆ ಪ್ರಶ್ನೆಗೆ ಯಾಕೆ ತಡ ಮಾಡಿದ್ರಿ ಅಕ್ಕಾ?"

ಅವರು ನಾದುವ ಕೊಣಮಿಗೆಯ ಅಂಚಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆದರು. "ನಂಗ ಹಂಗ ಯಾರೂ ಕೇಳಿದ್ದಿಲ್ಲ ತಂಗಿ. ಯಾರಿಗೆ ಕೇಳಾಕತ್ತೈತಿ ಅಂತ ನೋಡಿದೆ."

"ಅಷ್ಟೇನಾ?"

"ಮತ್ತೇನು? ಊಟಾ ಮಾಡ್ ಬಾ, ಆರಿ ಹೋಗತೈತಿ."

ಅದು ನಿಜವೇ ಇರಬಹುದಿತ್ತು. ಆ ಮನೆಯಲ್ಲಿದ್ದ ಇಷ್ಟು ದಿನಗಳಲ್ಲಿ ನಾನೂ ಅವರನ್ನು ಹಾಗೆ ಕೇಳಿರಲಿಲ್ಲ. ಉಂಡು ಮೇಲೆ ಹೋದೆ. ನಂಬಿದೆ, ಮತ್ತೆ ನಂಬಲಿಲ್ಲ.

ಗುರುತುಗಳ ಕೆಳಗೆ ಇನ್ನೊಂದು ಇತ್ತು: ತಿಳಿಯದು. ಅದನ್ನು ಒತ್ತಿದರೆ ತೀರ್ಮಾನ ನಿಲ್ಲುತ್ತದೆ. ಸರ್ಕಾರದ ಖರ್ಚಿನಲ್ಲಿ ಡಾಕ್ಟರೊಬ್ಬರು ಮನೆಗೆ ಹೋಗಿ ನೋಡಬೇಕು, ಡಾಕ್ಟರ ಮುಂದೆ ಒಪ್ಪಿಕೊಂಡದ್ದನ್ನು ಮುಚ್ಚಿಟ್ಟದ್ದು ಎಂದು ಎಣಿಸುವಂತಿಲ್ಲ. ಮರುದಿನ ಕಚೇರಿಯಲ್ಲಿ ನಾನು ಅದರ ಮೇಲೆ ಬೆರಳಿಟ್ಟುಕೊಂಡು ಕೂತದ್ದನ್ನು ಮುನವಳ್ಳಿ ಸರ್ ನೋಡಿದರು.

"ಅದನ್ನ ಯಾರೂ ಒತ್ತಂಗಿಲ್ರಿ ಕಸ್ತೂರಿ. ತಿಳೀದಿದ್ರ ನಿಮಗ ಪಗಾರ ಯಾಕ ಕೊಡಬೇಕು ಅಂತ ಮ್ಯಾಲಿನವರು ಕೇಳ್ತಾರ."

"ತಿಳಿದಿಲ್ಲ ಸರ್."

"ಇನ್ನೊಮ್ಮೆ ಕೇಳಿ ನೋಡ್ರಿ."

"ಕೇಳಿದಷ್ಟೂ ತಿಳಿಯುತ್ತಿಲ್ಲ."

ಅವರು ಹೊರಟುಹೋದರು. ನಾನು ಒತ್ತಿದೆ.

*

ಪೇಟೆ ಮುಚ್ಚುವ ಹಿಂದಿನ ದಿನ ಡಾಕ್ಟರು ಬಂದರು, ನನಗಿಂತ ಚಿಕ್ಕವಳಂತೆ ಕಾಣುವ ಒಬ್ಬಾಕೆ. ಭಾನುವಾರವಾದ್ದರಿಂದ ನಾನೂ ಮನೆಯಲ್ಲಿದ್ದೆ. ಚನ್ನವೀರಪ್ಪ ಅಂಗಿಯ ಗುಂಡಿ ಬಿಚ್ಚುತ್ತಾ ಎದ್ದು ಬಂದರು.

"ಬರ್ರಿ, ಇಲ್ಲೇ ನೋಡ್ರಿ, ಬೆಳಕೈತಿ."

"ನಿಮ್ಮನ್ನಲ್ರಿ ಅಜ್ಜಾರ. ಅಮ್ಮಾರನ್ನ ನೋಡಬೇಕು."

"ಆಕೀನ್ನ? ಆಕೀಗೇನಾಗೇತಿ?"

ಶಿವಗಂಗವ್ವ ಒಳಗಿನಿಂದ ನನ್ನನ್ನು ನೋಡಿದರು. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಅವರು ಒಲೆ ಆರಿಸಿ, ಕೈ ತೊಳೆದುಕೊಂಡು, ಡಾಕ್ಟರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

ಹೊರಬಂದಾಗ ಮಾತಾಡಿದ್ದು ಡಾಕ್ಟರು. ಎಡಗಡೆ ಎದೆಯಲ್ಲಿ ಗಂಟಿದೆ. ಬೇಸಿಗೆಯಿಂದಲೂ ಇದೆಯಂತೆ. ಕೂಡಲೇ ಪರೀಕ್ಷೆಯಾಗಬೇಕು, ಚಿಕಿತ್ಸೆಗೆ ತಡ ಮಾಡುವಂತಿಲ್ಲ. ಎರಡು ಕಾಯಿಲೆಗಳನ್ನೂ ತಾನೇ ದಾಖಲಿಸಿಕೊಂಡು, ಯೋಜನೆಯನ್ನು ನಾಳೆ ಸಂಜೆಯೊಳಗೆ ನೀವೇ ಫೋನಿನಲ್ಲಿ ಆರಿಸಿಕೊಳ್ಳಿ, ಇನ್ನು ಆಲಿಕೆಯ ಮುಂದೆ ಕೂರಬೇಕಾಗಿಲ್ಲ ಎಂದು ಹೇಳಿ ಹೋದರು.

"ಯಾಕ ಹೇಳ್ಲಿಲ್ಲ?" ಎಂದು ಚನ್ನವೀರಪ್ಪ ಕೇಳಿದರು. ದನಿ ಏರಿರಲಿಲ್ಲ.

"ಎರಡು ಹೇಳಿದ್ರ ಮಲಪ್ರಭಾ ಕೊಡಂಗಿಲ್ಲ ಅಂದ್ರು ಬಾಜೂ ಮನ್ಯಾಗ. ನಿಮ್ಮ ಆಪರೇಶನ್ ಮುಗದ ಮ್ಯಾಲೆ ಹೇಳಿದ್ರಾತು ಅಂತಿದ್ದೆ."

ಚನ್ನವೀರಪ್ಪ ನನ್ನ ಕಡೆ ತಿರುಗಿದರು. "ಕಸ್ತೂರಕ್ಕಾ, ಆ ಮೂರೂ ಏನೇನದಾವ ಓದಿ ಹೇಳ್ರಿ. ಬಿಡಿಸಿ ಹೇಳ್ರಿ."

ಅವರ ಫೋನು ತೆಗೆದುಕೊಂಡು ಇಬ್ಬರ ನಡುವೆ ಕೂತೆ. ಹಳೆಯ ಹಾಳೆಯ ಹೋಲಿಕೆ ಅದರಲ್ಲಿ ಇನ್ನೂ ಇತ್ತು. ಆ ಹೋಲಿಕೆಯನ್ನು ಒಬ್ಬರ ಮುಂದೆ ಕೂತು ಓದಿದ್ದು ಅದೇ ಮೊದಲು. ಮಲಪ್ರಭಾ ಆದರೆ ಕವಾಟದ ಆಪರೇಶನ್ ಈಗಲೇ, ಪೂರ್ತಿ. ಗಂಟಿನ ಚಿಕಿತ್ಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೈಯಿಂದ ಕೊಡಬೇಕು. ತುಂಗಾ ಆದರೆ ಗಂಟಿನದು ಪೂರ್ತಿ, ಮೊದಲ ದಿನದಿಂದ. ಹೃದಯದ್ದಕ್ಕೆ ಒಂದು ವರ್ಷ ಕಾಯಬೇಕು. ಕಾವೇರಿಯಲ್ಲಿ ಎರಡೂ ಇವೆ, ಆದರೆ ಅದರ ತಿಂಗಳ ಕಂತು ಮೂರು ಖಾನಾವಳಿಗಳ ರೊಟ್ಟಿಯ ದುಡ್ಡಿಗಿಂತ ಹೆಚ್ಚು.

"ಮಲಪ್ರಭಾ ಒತ್ತ್ ತಂಗಿ," ಎಂದರು ಶಿವಗಂಗವ್ವ. "ಓಣ್ಯಾಗ ಎಲ್ಲಾರದೂ ಅದs ಐತಿ."

"ತುಂಗಾ," ಎಂದರು ಚನ್ನವೀರಪ್ಪ.

"ನಿಮಗೇನ್ ತಿಳೀತೈತಿ? ಹತ್ತು ಹೆಜ್ಜಿ ನಡೀಲಿಕ್ಕೆ ಆಗಂಗಿಲ್ಲ ನಿಮಗ."

"ನಾನೆಲ್ಲಿ ನಡದು ಹೋಗೂದೈತಿ? ಕುಂತ ಜಾಗಾದಾಗ ನನ್ನ ಕೆಲಸ."

ಇಬ್ಬರೂ ನನ್ನನ್ನು ನೋಡಿದರು. ಸಾವಿರಾರು ಮನೆಗಳಿಗೆ ಯೋಜನೆ ತೋರಿಸಿದ ಕಚೇರಿಯವಳು ನಾನು. ಹೋಲಿಕೆಯ ಸಾಲುಗಳನ್ನು ಮತ್ತೊಮ್ಮೆ ಮೊದಲಿಂದ ಓದಿದೆ. ಮಾತ್ರೆ ಒಂದು ವರ್ಷ ತಡೆಯುತ್ತದೆ ಎಂದು ಚನ್ನವೀರಪ್ಪನವರ ಡಾಕ್ಟರು ಹೇಳಿದ್ದರು. ತಡೆಯದೆಯೂ ಇರಬಹುದು.

"ಒಂದs ಮಾತು ಹೇಳ್ರಿ," ಎಂದು ಚನ್ನವೀರಪ್ಪ ಕೇಳಿದರು. "ಎರಡರಾಗ ಕಾಯೂದು ಯಾವುದು?"

"ನಿಮ್ಮದು," ಎಂದೆ. "ಕಾದರೂ ಕಾಯಬಹುದು. ಅವರದು ಕಾಯುವುದಿಲ್ಲ."

"ಹಂಗಾರ ಕೇಳೂದೇನೈತಿ."

ನನ್ನ ಕೈಯಿಂದ ಫೋನು ತೆಗೆದುಕೊಂಡರು. ಶಿವಗಂಗವ್ವ ಅದನ್ನು ಕಸಿಯಲು ಹೋದರು. ಚನ್ನವೀರಪ್ಪ ಹುಡುಗರ ಹಾಗೆ ಕೈಯನ್ನು ಮೇಲಕ್ಕೆತ್ತಿ ಹಿಡಿದು, ಅಲ್ಲೇ ಹೆಬ್ಬೆರಳಿನಿಂದ ತುಂಗಾ ಒತ್ತಿದರು. ಅಷ್ಟಕ್ಕೇ ದಮ್ಮು ಹತ್ತಿ ಗೋಡೆಗೆ ಒರಗಿದರು. ನಿಮ್ಮ ಮನೆಯ ಆಯ್ಕೆ ದಾಖಲಾಗಿದೆ ಎಂದು ಫೋನು ಹೇಳಿತು.

ಶಿವಗಂಗವ್ವ ಅವರ ಪಕ್ಕದಲ್ಲಿ ಕೂತು ಬೆನ್ನನ್ನು ಮೇಲಿಂದ ಕೆಳಗೆ ನೀವತೊಡಗಿದರು. ಬೈಯಲಿಲ್ಲ, ಅಳಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಅಲ್ಲೇ ಇದ್ದೆ. ಎಷ್ಟು ಹೊತ್ತು ಎಂದು ಅಳೆಯಲಿಲ್ಲ.